ಊಟಕ್ಕೆ ಮುಂಚಿನ ಸರದಿ

ಸಿಸ್ಟರ್ ಅವರಿಗೆ ನಮಸ್ಕಾರ.

ಮಗಳ ಟಿ.ಸಿ.ಗೆ ಹೋದ ವಾರ ಕೊಟ್ಟ ಅರ್ಜಿಯನ್ನು ದಯವಿಟ್ಟು ಹರಿದುಹಾಕಿ. ನಿಮ್ಮಲ್ಲಿ ಪಾಠಕ್ಕಿಂತ ಪ್ರಾರ್ಥನೆಯೇ ಜಾಸ್ತಿ ಎಂದು ಕೂಗಾಡಿದ ಬಡಗಿ ನಾನೇ.

ಶಾಲೆಯಲ್ಲಿ ಮಾಡಿಸುವಂತೆ ಮನೆಯಲ್ಲೂ ಊಟಕ್ಕೆ ಮುಂಚೆ ಎಲ್ಲರೂ ಯಾರಿಗಾದರೂ ಥ್ಯಾಂಕ್ಸ್ ಹೇಳಲೇಬೇಕೆಂದು ಮಗಳು ನಿನ್ನೆ ಹಟ ಹಿಡಿದಳು. ಸೊಸೆ ಮಾಡಿದ್ದಕ್ಕೆಲ್ಲ ಹುಳುಕು ಹುಡುಕುವ ನನ್ನ ಅಮ್ಮ ತಟ್ಟೆ ನೋಡುತ್ತಲೇ, "ನಿಮ್ಮಮ್ಮ ನನ್ನ ಹಲ್ಲಿಗೋಸ್ಕರ ಎಲ್ಲಾನೂ ಮೆತ್ತಗೆ ಬೇಯಿಸ್ತಾಳೆ ಕಣೇ, ಅವಳಿಗೇ ಹೇಳ್ತೀನಿ" ಎಂದಳು. ನನ್ನ ಹೆಂಡತಿ ಸೌಟು ಹಿಡಿದು ನಿಂತೇಬಿಟ್ಟಳು.

ನನ್ನ ಸರದಿ ಬಂದಾಗ ನೀರಿನ ಲೋಟ ಎತ್ತಿ ಕುಡಿಯುತ್ತಾ ಕೂತೆ. "ನಾಳೆವರೆಗೂ ಟೈಮ್ ಅಪ್ಪಾ" ಎಂದಳು ಮಗಳು. ನಿಮಗೇ ಹೇಳೋಣವೆಂದು ಇದನ್ನು ಬರೆದಿದ್ದೇನೆ. ತಲುಪಿತೆಂದು ಕೆಳಗೆ ಸಹಿ ಹಾಕಿ ಅವಳ ಕೈಯಲ್ಲೇ ಕಳಿಸಿ. ಇಲ್ಲದಿದ್ದರೆ ಇವತ್ತು ನನಗೆ ಊಟವಿಲ್ಲ.

ಇಂತಿ,
ಥ್ಯಾಂಕ್ಸ್ ಹೇಳಿ ಅಭ್ಯಾಸವಿಲ್ಲದ,
ನಿಮ್ಮ ವಿದ್ಯಾರ್ಥಿನಿಯ ತಂದೆ