ಟ್ರಾಮ್ ತಾತನ ಮರಳು ಪೆಟ್ಟಿಗೆ

ಮತ್ಸುಯಾಮ
ನವೆಂಬರ್ ೯

ಪ್ರೀತಿಯ ಚಿನಾಮಿಗೆ,

ಅಮ್ಮನ ಆಶೀರ್ವಾದಗಳು. ಸೆಂಡೈಯಿಂದ ನೀನು ಕಳಿಸಿದ ಮಿಸೊ ಡಬ್ಬ ದಿನಾ ಸಾರು ಮಾಡಿ ತಳ ಕಾಣುವಷ್ಟಾಗಿದೆ, ಬಂತೆಂದು ತಿಳಿಸುವ ಕಾಗದ ಮಾತ್ರ ಈಗ ಬರೆಯುತ್ತಿದ್ದೇನೆ. ಬೈದುಕೋ. ಕಾಲು ನೋವು ಹಾಗೇ ಇದೆ. ಕೆಳಗಿನ ಚಾಪೆ ಅಂಗಡಿಯವರು ಮೆಟ್ಟಿಲಿಗೆ ಹಿಡಿಕೆ ಹಾಕಿಸಿಕೊಟ್ಟಿದ್ದಾರೆ. ಬರುವವರಿಗೆಂದು ಅವರು ಹೇಳುತ್ತಾರೆ, ನನಗೇ ಎಂದು ನನಗೆ ಗೊತ್ತು.

ಮನಸ್ಸಿನ ಭಾರ ಹೊತ್ತು ನನ್ನ ಬಳಿ ಬರುವವರ ವಿಷಯ ನಾನು ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ. ಈ ಸಲ ಹಾಗೆ ಬಂದವರೊಬ್ಬರೇ ಇದನ್ನು ನಿನಗೆ ಬರೆಯಲು ಹೇಳಿದ್ದಾರೆ. ಹೆಸರು ಬೇಡವಂತೆ, ಟ್ರಾಮ್ ತಾತ ಎಂದಿಟ್ಟುಕೊಳ್ಳೋಣ. ನಲವತ್ತು ವರ್ಷ ನಮ್ಮೂರಿನ ಟ್ರಾಮ್ ಓಡಿಸಿದವರು. ಹೆಂಡತಿ ತೀರಿಕೊಂಡ ಮೇಲೆ ಮಗಳು ಮನೆ ಶುಚಿ ಮಾಡುವ ಭರದಲ್ಲಿ ಕೇಳದೆ ಅಮ್ಮನ ವಾಸನೆ ಉಳಿದಿದ್ದ ದಿಂಬಿನ ಚೀಲ ಒಗೆದುಬಿಟ್ಟಳು. ಅಂದಿನಿಂದ ಒಂದು ವರ್ಷ ತಾತ ಯಾರೊಂದಿಗೂ ಒಂದು ಮಾತೂ ಆಡಿರಲಿಲ್ಲ. ಕೊನೆಗೆ ಮಗಳೇ ನನ್ನಲ್ಲಿಗೆ ಕರೆತಂದಳು.

ನನ್ನ ಕೋಣೆಯ ಮರಳು ಪೆಟ್ಟಿಗೆ, ಗೋಡೆ ತುಂಬ ಪುಟ್ಟ ಗೊಂಬೆಗಳ ಕಪಾಟು ನೀನು ನೋಡಿದ್ದೀಯ. ಬಾಯಲ್ಲಿ ಹೇಳಲಾಗದ್ದನ್ನು ಬಂದವರು ಮರಳಲ್ಲಿ ಗೊಂಬೆ ಇಟ್ಟು ತೋರಿಸುತ್ತಾರೆ. ತಾತ ಬಂದವರೇ ಬೆರಳಿನಿಂದ ಮರಳಲ್ಲಿ ಎರಡು ಗೆರೆ ಎಳೆದು ಹಳಿ ಮಾಡಿದರು. ಅದರ ಮೇಲೊಂದು ಟ್ರಾಮ್ ಇಟ್ಟರು. ಏಳು ವಾರ ಅಷ್ಟೇ. ಮಗಳಿಗೆ ತಾಳ್ಮೆ ಕೆಟ್ಟಿತು.

"ಡಾಕ್ಟ್ರೇ, ಎಪ್ಪತ್ತೆರಡು ವರ್ಷದೋರನ್ನ ಮರಳಲ್ಲಿ ಆಡೋಕೆ ಬಿಟ್ಟಿದ್ದೀರಲ್ಲ, ಒಂದು ಮಾತ್ರೆ ಬರ್ಕೊಡೋಕಾಗಲ್ವಾ?"

"ನಾನು ಡಾಕ್ಟರಲ್ಲಮ್ಮ."

"ಅದೇ ಅಂದ್ಕೊಂಡೆ!"

ಎಂಟನೇ ವಾರ ತಾತ ಕಪಾಟಿನ ಮುಂದೆ ಬಹಳ ಹೊತ್ತು ನಿಂತರು. ಏಪ್ರನ್ ಕಟ್ಟಿದ ಒಬ್ಬ ಹೆಂಗಸಿನ ಗೊಂಬೆ ಆರಿಸಿ ಹಳಿಯ ಪಕ್ಕ ನಿಲ್ಲಿಸಿದರು. ಟ್ರಾಮನ್ನು ಅವಳಿಗಿಂತ ಒಂದು ಗೇಣು ಹಿಂದೆಯೇ ನಿಲ್ಲಿಸಿ, ನೋಡುತ್ತ ಕೂತು, ಎದ್ದು ಹೋದರು.

ಆಗ ನಾನೊಂದು ತಪ್ಪು ಮಾಡಿದೆ. ಬಂದವರು ಬೀದಿಯ ತಿರುವು ದಾಟುವ ತನಕ ಅವರ ಪೆಟ್ಟಿಗೆ ಮುಟ್ಟಬಾರದು. ಈ ಕೆಲಸ ಕಲಿಯಲು ಬರುವ ಹೊಸಬರಿಗೆ ನಾನೇ ಕಲಿಸುವ ಮೊದಲ ಪಾಠ ಅದು. ಮುಂದಿನವರು ಬರುವ ಹೊತ್ತಾಗಿತ್ತೆಂದು ದಾಖಲೆಗೊಂದು ಫೋಟೊ ತೆಗೆದು, ಇಟ್ಟದ್ದನ್ನೆಲ್ಲ ಬೇಗ ಬೇಗ ಎತ್ತಲು ಕೂತೆ. ತಾತ ಮರೆತ ಟೋಪಿಗೆ ವಾಪಸು ಬಂದರು. ಅವರ ಹೆಂಗಸು ನನ್ನ ಕೈಯಲ್ಲಿದ್ದಳು, ಮುಖದ ಮರಳನ್ನು ಬಟ್ಟೆಯಿಂದ ಒರೆಸುತ್ತಿದ್ದೆ. ತಾತ ನೋಡಿದರು. ಟೋಪಿ ತೆಗೆದುಕೊಂಡು ಇಳಿದು ಹೋದರು.

ಮೂರು ವಾರ ಬರಲಿಲ್ಲ. ಮಗಳಿಗೆ ಫೋನ್ ಮಾಡುವ ಧೈರ್ಯ ನನಗಿರಲಿಲ್ಲ. ಅವಳು ಒಗೆದದ್ದು ದಿಂಬಿನ ಚೀಲ, ನಾನು ಕಿತ್ತದ್ದು ಅವರ ಹೆಂಡತಿಯನ್ನೇ. ಮೂವತ್ತು ವರ್ಷದ ಅನುಭವ ಮಣ್ಣುಪಾಲಾಯಿತೆಂದು ಊಟ ಸೇರದೆ ಓಡಾಡಿದೆ.

ಕಳೆದ ಮಂಗಳವಾರ ಬಾಗಿಲು ಸರಿಯಿತು. ತಾತ! ಕೂರುವ ಮೊದಲೇ ತುಕ್ಕು ಹಿಡಿದ ದನಿಯಲ್ಲಿ ಮಾತಾಡಿದರು.

"ಅವತ್ತು ಅವಳ ಮುಖ ಒರೆಸ್ತಾ ಇದ್ರಲ್ಲ."

ನಾನು ತಲೆ ತಗ್ಗಿಸಿ ಕ್ಷಮೆ ಕೇಳಿದೆ.

"ಅಯ್ಯೋ, ಅದಕ್ಕಲ್ಲ ತಾಯಿ. ನಾವು ಹೋದ್ಮೇಲೆ ಎಲ್ಲಾ ಗುಡಿಸಿ ಬಿಸಾಕ್ತೀರಿ ಅಂದ್ಕೊಂಡಿದ್ದೆ. ನೀವು ಕಣ್ಣು ಮೂಗು ನೋಡ್ಕೊಂಡು ಒರೆಸ್ತಾ ಇದ್ರಿ. ನಮ್ಮನೇಲಿ ಅವಳು ಕೊನೇ ಸಲ ಟೀ ಕುಡಿದ ಬಟ್ಟಲು ಇತ್ತು. ಯಾರಿಗೂ ಮುಟ್ಟೋಕೆ ಬಿಟ್ಟಿರ್ಲಿಲ್ಲ. ನಿಮ್ಮ ಹಂಗೆ ಮುಟ್ಟೋಕೆ ನಂಗೆ ಮೂರು ವಾರ ಬೇಕಾಯ್ತು. ಇವತ್ತು ಬೆಳಿಗ್ಗೆ ನಾನೇ ತೊಳೆದೆ."

ಆಮೇಲೆ ಹಳಿ ಎಳೆದರು. ಟ್ರಾಮ್ ಈ ಸಲ ಹೆಂಗಸಿನ ಎದುರಿಗೇ ಬಂದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ತಮ್ಮ ಕರವಸ್ತ್ರದಿಂದ ಅವಳನ್ನು ಒರೆಸಿ, ತಾವೇ ಕಪಾಟಿನಲ್ಲಿಟ್ಟು, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಚಿನಾಮಿ, ನಾನೂ ತಲೆ ಬಾಗಿ ನಿಂತೆ. ಯಾವ ದೇವಸ್ಥಾನದಲ್ಲೂ ನಾನು ಹಾಗೆ ನಿಂತದ್ದಿಲ್ಲ. ನಾನು ಮಾಡಿದ ತಪ್ಪನ್ನು ಆ ಮನುಷ್ಯ ಮನೆಗೆ ಒಯ್ದು ಏನು ಮಾಡಿಕೊಂಡು ಬಂದರು ನೋಡು! ನನ್ನ ಜಾಣತನ ಇದರಲ್ಲಿ ಎಳ್ಳಷ್ಟೂ ಇಲ್ಲ.

ಹೊರಡುವಾಗ ಕೇಳಿದರು: "ನಿಮಗೆ ಮಕ್ಕಳಿದ್ದಾರಾ?"

"ಒಬ್ಬಳು ಮಗಳು."

"ಮಾತಾಡ್ತಾಳಾ?"

"ಹೊಸ ವರ್ಷಕ್ಕೆ ಫೋನ್ ಮಾಡ್ತಾಳೆ."

"ಹಂಗಾದ್ರೆ ಇದನ್ನ ಅವಳಿಗೆ ಬರೀರಿ."

ಕೆಳಗೆ ಕಾಯುತ್ತಿದ್ದ ಮಗಳಿಗೆ ಅವರು ಹೇಳಿದ್ದು ಮೇಲಕ್ಕೂ ಕೇಳಿಸಿತು: "ನಡಿ, ಹಸಿವಾಗ್ತಿದೆ. ಬಿಸಿ ಉದೋನ್ ಶ್ಯಾವಿಗೆ ತಿನ್ನೋಣ." ಆ ಗಟ್ಟಿಗಿತ್ತಿ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು.

ಚಳಿ ಬಂತು, ಬೆಚ್ಚಗಿರು. ನಿನಗೆ ಒಳ್ಳೆಯದಾಗಲಿ, ನೂರು ಕಾಲ ಬಾಳು.

ನಿನ್ನ ಅಮ್ಮ,
ಫುಮಿಎ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ನೀನು ಹತ್ತು ವರ್ಷದವಳಿದ್ದಾಗ ಒಂದು ಭಾನುವಾರ ನನ್ನ ಪೆಟ್ಟಿಗೆಯಲ್ಲಿ ಮನೆ ಕಟ್ಟಿ, ಒಂದು ನರಿ ಗೊಂಬೆಯನ್ನು ಬಾಗಿಲ ಹೊರಗೆ ಕುತ್ತಿಗೆ ತನಕ ಹೂತಿದ್ದೆ. ಊರಿನ ಮಕ್ಕಳ ಪಕ್ಕ ಏನೂ ಕೇಳದೆ ಗಂಟೆಗಟ್ಟಲೆ ಕೂರುವ ನಾನು, ನಿನ್ನ ಪಕ್ಕ ಕೂರಲಾರದೆ, "ಆ ನರಿ ಯಾರೇ? ನಾನಾ?" ಎಂದು ಕೇಳಿದೆ. ನೀನು ಒಂದೇ ಏಟಿಗೆ ಎಲ್ಲವನ್ನೂ ಅಳಿಸಿ ಎದ್ದು ಹೋದೆ. ಮತ್ತೆಂದೂ ನನಗೆ ಏನನ್ನೂ ತೋರಿಸಲಿಲ್ಲ. ಇಪ್ಪತ್ತಾರು ವರ್ಷವಾಯಿತು. ತಪ್ಪು ನನ್ನದು, ಮಗಳೇ. ಅದು ಯಾರೆಂದು ಇನ್ನು ಕೇಳುವುದಿಲ್ಲ. ಒಮ್ಮೆ ಬಾ, ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ.