ಹನ್ನೊಂದನೇ ಹಾಸಿಗೆಯ ವಿಳಾಸ

ಗದಗ, ಫೆಬ್ರವರಿ ೩೦, ೨೪೧೨

ನಾಲ್ಕು ಶತಮಾನ ಹಿಂದಿನ ಪ್ರೋಗ್ರಾಮರುಗಳೇ,

ದಿನಾಂಕ ಕಂಡು ನಗಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ಇದಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ನನ್ನಿಂದ ನಿರೀಕ್ಷಿಸಬೇಡಿ.

ನಾನು ಕಲ್ಲವ್ವ ಮುಧೋಳ, ಹಳೆನುಡಿಗಿತ್ತಿ. ಅಂದರೆ ನೀವು ಬರೆದು ಬಿಟ್ಟುಹೋದ ಪ್ರೋಗ್ರಾಮುಗಳನ್ನು ರಿಪೇರಿ ಮಾಡುವವಳು. ನಮ್ಮ ಆಸ್ಪತ್ರೆಯ ಪ್ರತಿ ಹಾಸಿಗೆಗೂ ಒಂದು ಹನಿಗ ಇದೆ. ನರಕ್ಕೆ ಔಷಧ ಇಳಿಸುವ ಯಂತ್ರ. ಅದರೊಳಗೆ ಕಳೆದ ವರ್ಷದವರೆಗೂ ಓಡುತ್ತಿದ್ದುದು ನಿಮ್ಮ ಸಿ ಭಾಷೆ. ಸಿ ಭಾಷೆಯ ಪಾಯಿಂಟರ್ ಎಂದರೆ ಮೆಮೊರಿಯ ಒಂದು ಜಾಗದ ವಿಳಾಸ, ಅಷ್ಟೇ. ಆ ಜಾಗದಲ್ಲಿ ಈಗ ಯಾರಿದ್ದಾರೆಂದು ಭಾಷೆ ವಿಚಾರಿಸುವುದಿಲ್ಲ, ಬರೆದವನೇ ವಿಚಾರಿಸಬೇಕು. ನಿಮ್ಮವನಿಗೆ ಅಷ್ಟು ಪುರುಸೊತ್ತಿರಲಿಲ್ಲ.

ಕಳೆದ ಶ್ರಾವಣದಲ್ಲಿ ಹನ್ನೊಂದನೇ ಹಾಸಿಗೆಯಲ್ಲಿ ಒಬ್ಬ ಪೈಲ್ವಾನರಿದ್ದರು. ಸಂಜೆ ಅವರಿಗೆ ನೋವಿನ ಔಷಧ ಎರಡು ಪಟ್ಟು ಮಾಡಬೇಕೆಂಬ ಆದೇಶ ಅವರ ವಿವರವಿದ್ದ ವಿಳಾಸವನ್ನು ಹಿಡಿದು ಕಾಯುತ್ತಿತ್ತು. ಮಧ್ಯಾಹ್ನವೇ ಅವರು ಮನೆಗೆ ಹೋದರು. ಮೆಮೊರಿಯಲ್ಲಿ ಖಾಲಿಯಾದ ಆ ಜಾಗಕ್ಕೆ ಕೌದಿ ಹೊಲಿಯುವ ಯಮನವ್ವನ ವಿವರ ಬಂತು. ಆದೇಶದ ಕೈಯಲ್ಲಿದ್ದ ಹಳೆಯ ವಿಳಾಸವನ್ನು ಯಾರೂ ಅಳಿಸಲಿಲ್ಲ. ಸಂಜೆ ಎಪ್ಪತ್ತು ವರ್ಷದ ಆ ಮುದುಕಿಯ ಮೈಗೆ ಪೈಲ್ವಾನರಿಗೆಂದು ಹೇಳಿದ್ದ ದುಪ್ಪಟ್ಟು ಔಷಧ ಇಳಿದು ನಾಲ್ಕು ನಿಮಿಷ ಉಸಿರು ನಿಂತಿತು. ನರ್ಸ್ ನೋಡಿದ್ದಕ್ಕೆ ಜೀವ ಉಳಿಯಿತು. ಬಲಗೈ ಮಾತ್ರ ಇಂದಿಗೂ ನಡುಗುತ್ತದೆ.

ನನ್ನ ಜೊತೆಗಾರ ಇಕ್ಬಾಲ ಎಲ್ಲವನ್ನೂ ಪೈಥಾನ್ ಎಂಬ ನಿಮ್ಮ ಇನ್ನೊಂದು ಭಾಷೆಯಲ್ಲಿ ಹೊಸದಾಗಿ ಬರೆದ.

"ಅಕ್ಕಾರ, ಇದರಾಗ ವಿಳಾಸದ ರಗಳೆನ ಇಲ್ರಿ. ಹೆಸರು ಹಿಡಿದು ಕರೆದ್ರ ಸಾಮಾನು ಬರತೈತಿ."

"ಇಲ್ಲಂತಲ್ಲೋ, ಬಚ್ಚಿಟ್ಟಾರ," ಎಂದೆ. ಅವನು ನಕ್ಕ.

ಪರೀಕ್ಷೆಗೆಂದು ಔಷಧದ ಪಟ್ಟಿಗೆ ಇನ್ನೊಂದು ಹೆಸರಿಟ್ಟು, ಅದನ್ನೇ ನಕಲು ಅಂದುಕೊಂಡು ಎಲ್ಲ ಪ್ರಮಾಣಕ್ಕೂ ಸೊನ್ನೆ ತುಂಬಿದ. ಪೈಥಾನ್‌ನಲ್ಲಿ ಹೆಸರು ಎರಡಾದರೂ ಪಟ್ಟಿ ಒಂದೇ. ಬೆಳಗಿನ ಹತ್ತಕ್ಕೆ ಇಪ್ಪತ್ತೆರಡು ಹನಿಗಗಳು ಒಟ್ಟಿಗೆ ನಿಂತವು. ನೋವಿನ ಔಷಧ ನಿಂತ ಯಮನವ್ವನ ಚೀರಾಟ ನಮ್ಮ ಕೋಣೆಗೆ ಕೇಳಿಸಿತು. ಇಕ್ಬಾಲ ಓಡಿಹೋಗಿ ಅವಳ ಕೈ ಹಿಡಿದು ಕೂತ.

"ತಪ್ಪಾತಬೇ ಯವ್ವಾ."

"ನಿಮ್ಮಂಥ ಶಾಣ್ಯಾರು ಕೈ ಹಚ್ಚೂದಕ್ಕಿಂತ ಆ ಸೂಜಿ ನನ್ನ ಕೈಯಾಗ ಕೊಡ್ರಿ," ಎಂದಳು ಮುದುಕಿ.

ಮೂರನೆಯ ಸಲ ರಸ್ಟ್ ಭಾಷೆ ಹಿಡಿದೆವು. ಅಲ್ಲಿ ಪ್ರತಿ ವಸ್ತುವಿಗೂ ಒಬ್ಬನೇ ಯಜಮಾನ. ಒಬ್ಬ ತಿದ್ದುತ್ತಿರುವಾಗ ಇನ್ನೊಬ್ಬ ಇಣುಕುವಂತಿಲ್ಲ. ಯಜಮಾನ ಹೋದ ಮೇಲೂ ಯಾರಾದರೂ ವಿಳಾಸ ಹಿಡಿದಿರುವ ಸಾಧ್ಯತೆಯಿದ್ದರೆ ಪ್ರೋಗ್ರಾಮು ಓಡುವ ಮೊದಲೇ ತಿರಸ್ಕೃತ. ಒಂಬತ್ತು ದಿನ ಅದು ನಮ್ಮ ಬರಹವನ್ನು ಮುಖಕ್ಕೆ ಎಸೆಯಿತು. ಹತ್ತನೆಯ ದಿನ ಒಪ್ಪಿತು. ಅಂದಿನಿಂದ ಯಾರ ಔಷಧವೂ ಇನ್ನೊಬ್ಬರ ಮೈ ಸೇರಿಲ್ಲ.

ಮಹಾನುಭಾವರೇ, ಈ ಮೂರೂ ಭಾಷೆ ನಿಮ್ಮ ಕಾಲದವೇ. ಗೊತ್ತಿಲ್ಲದೆ ಮಾಡಿದ ತಪ್ಪಾಗಿದ್ದರೆ ಮನ್ನಿಸುತ್ತಿದ್ದೆ. ನೀವು ಎಲ್ಲ ಬಲ್ಲವರು, "ಆಮೇಲೆ ನೋಡೋಣ" ಎಂದವರು. ಆ ಆಮೇಲೆ ನಾವೇ.

ಮನೆಗೆ ಹೊರಟಾಗ ಯಮನವ್ವ, ಇದನ್ನೆಲ್ಲ ಬರೆದವರು ಯಾರು ಎಂದು ಕೇಳಿದಳು. ಅವರೆಲ್ಲ ಸತ್ತು ಯಾವ ಕಾಲವಾಯಿತೋ ಎಂದೆ.

"ಅವರು ಕೊಟ್ಟ ಔಷಧ ಇನ್ನೂ ನಮ್ಮ ಮೈಯಾಗ ಇಳ್ಯಾಕತ್ತೈತಿ. ಸತ್ತಾರಂತ ಹೆಂಗ ಅಂತೀಯವ್ವಾ?"

ನಿಮಗೆ ಉತ್ತರ ಹೊಳೆದರೆ ಅವಳಿಗೇ ಬರೆಯಿರಿ.

ಕಲ್ಲವ್ವ ಮುಧೋಳ