ಬೆಲ್ ಹೊಡೆಯದೆ ಇಳಿದವಳು

ಸೈಕಲ್ ಅಂಗಡಿ, ಗುಡ್ಡದ ಬುಡ
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಮಗನೇ,

ಸುರಂಗದ ದೂಳು ಇನ್ನೂ ಎದೆಯಲ್ಲಿ ಕೂತಿದೆಯೋ, ಕೆಮ್ಮು ಬಿಟ್ಟಿದೆಯೋ? ಬಂಡೆ ಸಿಡಿಸುವಾಗ ಕಿವಿಗೆ ಹತ್ತಿ ಇಟ್ಟುಕೊ ಎಂದರೆ ಇಟ್ಟುಕೊಳ್ಳುವ ಜಾತಿಯಲ್ಲ ನೀನು. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದೆ, ಅದು ಇದ್ದೇ ಇರುತ್ತದೆ, ಅದರ ಸುದ್ದಿ ಬೇಡ. ಫೋನ್ ಬಿಟ್ಟು ಕಾಗದ ಬರೆಯುವುದು ಏಕೆಂದು ನಿನಗೇ ಗೊತ್ತು. ಫೋನಿನಲ್ಲಿ ನೀನು ಕೂಗುತ್ತೀಯ, ನಾನೂ ಕೂಗುತ್ತೇನೆ, ಕಿವಿ ಬಿಸಿಯಾಗುತ್ತದೆ, ಹೇಳಬೇಕಾದ ವಿಷಯ ನನ್ನ ಬಾಯಲ್ಲೇ ಉಳಿಯುತ್ತದೆ. ಕಾಗದದ ಮಧ್ಯೆ ನೀನು ಬಾಯಿ ಹಾಕಲಾರೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ತಪ್ಪಿದ್ದರೆ ನುಂಗಿಕೊಂಡು ಓದು.

ನೀನು ಕೇಳಿದ್ದು ಮೂರು. ಮಗಳು ಹೇಗಿದ್ದಾಳೆ, ಡಾಕ್ಟರು ಏನಂದರು, ಆ ಜೇನಿನವನು ಈಗ ಎಲ್ಲಿ ಅಡಗಿದ್ದಾನೆ. ರಜೆ ಸಿಕ್ಕಿದ ದಿನವೇ ಬಂದು ಅವನ ಎರಡೂ ಕೈ ಕಡಿದು ಹಾಕ್ತೀನಿ ಎಂದು ಬರೆದಿದ್ದೀಯ. ಮೊದಲ ಎರಡಕ್ಕೆ ಈಗಲೇ ಉತ್ತರ ಕೊಡುತ್ತೇನೆ. ಮೂರನೆಯದಕ್ಕೆ ಅವಸರ ಮಾಡಬೇಡ.

ಪುಟ್ಟಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾಳೆ. ದಾರಿಗೆ ಅಡ್ಡ ಕಟ್ಟಿದ್ದ ತಂತಿ ಅವಳ ಗಂಟಲನ್ನು ಒಂದು ಕಿವಿಯ ಕೆಳಗಿನಿಂದ ಇನ್ನೊಂದು ಕಿವಿಯ ಹತ್ತಿರದವರೆಗೆ ಸೀಳಿದೆ. ದೊಡ್ಡ ರಕ್ತನಾಳ ಕೂದಲೆಳೆಯಲ್ಲಿ ತಪ್ಪಿತಂತೆ. ಒಳಗೆ ಮಾತು ಹುಟ್ಟುವ ಜಾಗ ಜಜ್ಜಿಹೋಗಿದೆ. ಮಾತು ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಇಷ್ಟು ಹೇಳೋಕೆ ಅಷ್ಟೊಂದು ಓದಬೇಕಿತ್ತಾ ಎಂದು ಕೇಳಿಯೇಬಿಟ್ಟೆ. ನಿನ್ನ ಹೆಂಡತಿ ನನ್ನ ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದಳು. ಹುಡುಗಿಗೆ ಹಾಲು ಗುಟುಕು ಗುಟುಕಾಗಿ ಕುಡಿಸಬೇಕು, ಒಂದೊಂದು ಗುಟುಕಿಗೂ ಕಣ್ಣಲ್ಲಿ ನೀರು. ಆದರೂ ನಿನ್ನ ಮಗಳೇ, ಅನುಮಾನ ಬೇಡ. ಮುರಿದ ಸೈಕಲ್ಲಿನಿಂದ ಬೆಲ್ ಬಿಚ್ಚಿಸಿಕೊಂಡು ಹಾಸಿಗೆಯ ಪಕ್ಕ ಇಟ್ಟುಕೊಂಡಿದ್ದಾಳೆ. ಒಂದು ಸಲ ಹೊಡೆದರೆ ಹೌದು, ಎರಡು ಸಲ ಹೊಡೆದರೆ ಇಲ್ಲ. ಸಿಟ್ಟು ಬಂದರೆ ಲೆಕ್ಕವೇ ಇಲ್ಲ, ಬೀದಿಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ.

ಈಗ ನಡೆದದ್ದನ್ನು ಕೇಳು. ನಿನ್ನ ಗೆಳೆಯ ಬೇಕರಿಯವನು ನಿನಗೆ ಫೋನಿನಲ್ಲಿ ಹೇಳಿದ್ದು ಅರ್ಧ. ಆ ಕಾಡುಗುಡ್ಡದ ಸುತ್ತುದಾರಿ ನಿನಗೆ ಅಂಗೈಯಷ್ಟು ಗೊತ್ತು. ಊರವರು, ಹೊರಗಿನಿಂದ ದಪ್ಪ ಟೈರಿನ ಸೈಕಲ್ ತರುವವರು, ಎಲ್ಲರೂ ಬಲಗಡೆಯ ಸಲೀಸು ದಾರಿಯಲ್ಲಿ ಹತ್ತಿ, ಎಡಗಡೆಯ ಕಡಿದಾದ ಕಡೆಯಲ್ಲಿ ಕಿರುಚಿಕೊಂಡು ಇಳಿಯುತ್ತಾರೆ. ನಮ್ಮ ಮನೆಯವರು ಮಾತ್ರ ತಿರುಗುಮುರುಗು. ರಿಪೇರಿಯಾದ ಸೈಕಲ್ಲನ್ನು ನಿಮ್ಮಪ್ಪ ಕಡಿದಾದ ಕಡೆಯಿಂದಲೇ ಹತ್ತಿಸುತ್ತಿದ್ದರು. ಏರಿನಲ್ಲಿ ಚೈನು ಸುಳ್ಳು ಹೇಳಲ್ಲ ಎನ್ನುತ್ತಿದ್ದರು. ನೀನೂ ಹಾಗೇ ಕಲಿತೆ, ಮಗಳಿಗೂ ಹಾಗೇ ಕಲಿಸಿದೆ. ಇಳಿಯುವವರು ಮೈಮೇಲೆ ಬೀಳದಿರಲಿ ಎಂದು ಜೇನುಪೆಟ್ಟಿಗೆಯ ತಿರುವಿನ ಕೆಳಗೆ ಬೆಲ್ ಹೊಡೆಯುವುದನ್ನೂ ನೀನೇ ಕಲಿಸಿದ್ದು.

ಜೇನಿನವನ ಪೆಟ್ಟಿಗೆಗಳು ಆ ತಿರುವಿನಲ್ಲಿ ಒಂದಷ್ಟು, ಗುಡ್ಡದ ನೆತ್ತಿಯಲ್ಲಿ ಒಂದಷ್ಟು. ಈ ವರ್ಷ ಇಳಿಯುವ ಪುಂಡರು ಮೋಜಿಗೆ ಪೆಟ್ಟಿಗೆ ಒದೆಯುವುದನ್ನು ಶುರು ಮಾಡಿದ್ದರು. ಒದ್ದು, ಹುಳ ಏಳುವುದರೊಳಗೆ ಮಾಯ. ಅವನು ಬೈದ, ಕಲ್ಲು ಹೊಡೆದ, ಪೊಲೀಸರ ಹತ್ತಿರ ಹೋಗಿ ನಗೆಪಾಟಲಾಗಿ ಬಂದ. ಕೊನೆಗೆ ತಿರುವಿನ ಎರಡು ಮರಗಳ ನಡುವೆ ಬೇಲಿತಂತಿ ಬಿಗಿದ. ದೊಡ್ಡ ಗಂಡಸಿನ ಎದೆಮಟ್ಟಕ್ಕೆ ಅಳೆದು ಕಟ್ಟಿದ್ದನಂತೆ. ನಮ್ಮ ಹುಡುಗಿ ಕೆಳಗಿನಿಂದ ಬರುತ್ತಾಳೆ, ಬೆಲ್ ಹೊಡೆಯುತ್ತಾಳೆ, ಆಗ ಬಿಚ್ಚಿದರಾಯಿತು ಎಂದು ಅವನ ಲೆಕ್ಕ. ಅವತ್ತು ಬೆಳಿಗ್ಗೆ ಅವಳು ಹತ್ತುವಾಗ ಬೆಲ್ ಹೊಡೆದಳು, ಅವನು ಬಿಚ್ಚಿದ, ಇವಳು ಕೈಬೀಸಿ ಮೇಲೆ ಹೋದಳು. ಅವನು ಮತ್ತೆ ಕಟ್ಟಿದ.

ನೆತ್ತಿಗೆ ಹೋದರೆ ಇಬ್ಬರು ಪುಂಡರು ಅವನ ಪೆಟ್ಟಿಗೆ ಒದೆಯುತ್ತಿದ್ದರು. ಇವಳಿಗೆ ರೇಗಿತು. ಯಾರ ರಕ್ತ ಎಂದು ಕೇಳಬೇಡ. ಅವರು ಸೈಕಲ್ ಹತ್ತಿ ಎಡಗಡೆ ಇಳಿದರು, ಇವಳು ಬೆನ್ನು ಹತ್ತಿದಳು. ಹುಟ್ಟಿದಾಗಿನಿಂದ ಆ ಕಡೆಯಿಂದ ಇಳಿಯದವಳು ಅವತ್ತು ಇಳಿದಳು. ಪುಂಡರು ನಡುವೆ ಹಳ್ಳದ ಕೊರಕಲಿಗೆ ನುಗ್ಗಿ ತಪ್ಪಿಸಿಕೊಂಡರು. ಕೆಳಗೆ ಅಡ್ಡಹಾಕುತ್ತೇನೆ ಎಂದು ಇವಳು ನೇರ ಬಿಟ್ಟಳು, ಹ್ಯಾಂಡಲ್ ಮೇಲೆ ಬಗ್ಗಿ, ಬ್ರೇಕ್ ಮುಟ್ಟದೆ. ಮೇಲಿನಿಂದ ಚಕ್ರದ ಸದ್ದು ಕೇಳಿ ಜೇನಿನವನು ಮರದ ಹಿಂದೆ ನಿಂತು ಕಾದ. ಬನ್ನಿ ಮಕ್ಕಳೇ ಅಂದುಕೊಂಡನಂತೆ. ಇದನ್ನು ಅವನೇ ಹೇಳಿದ್ದು, ನಾನು ಕಟ್ಟಿ ಹೇಳುತ್ತಿಲ್ಲ. ತಂತಿ ಝೇಂಕರಿಸಿತು. ಸೈಕಲ್ ಮಾತ್ರ ತಿರುವು ದಾಟಿ ಹೋಗಿ ಬಂಡೆಗೆ ಬಡಿಯಿತು. ಇವಳು ತಂತಿಗೆ ಸಿಕ್ಕಿ ಹಿಂದಕ್ಕೆ ಎಸೆಯಲ್ಪಟ್ಟು ಕಲ್ಲಿನ ಮೇಲೆ ಬಿದ್ದಳು, ಬಾಯಿಂದ ಗುಳುಗುಳು ಸದ್ದು.

ನಾನು ಟ್ಯೂಬಿಗೆ ಗಾಳಿ ಹೊಡೆಯುತ್ತಿದ್ದೆ. ಸುದ್ದಿ ಬಂದಾಗ ಪಂಪು ಕೈಯಲ್ಲೇ ಇತ್ತು, ಹಾಗೇ ಓಡಿದೆ. ಆಸ್ಪತ್ರೆಯ ಗೇಟಿನಲ್ಲಿ ಅವನು ನಿಂತಿದ್ದ, ಬರಿಮೈ, ಸೊಂಟದವರೆಗೆ ರಕ್ತ. ಅಂಗಿಯನ್ನು ಇವಳ ಗಂಟಲಿಗೆ ಒತ್ತಿ ಹಿಡಿದು ಗುಡ್ಡದಿಂದ ಹೊತ್ತು ತಂದವನು ಅವನೇ. ಅದು ನನಗೆ ಆಮೇಲೆ ತಿಳಿಯಿತು. "ನಾನೇ ಅಮ್ಮಾ ಕಟ್ಟಿದ್ದು" ಎಂದ. ಪಂಪು ಎತ್ತಿದೆ. ಅವನು ಬಲಗೈ ಮುಂದೆ ಹಿಡಿದ, ತಡೆಯುತ್ತಾನೆ ಅಂದುಕೊಂಡೆ. ತಡೆಯಲಿಲ್ಲ. ಕಟ್ಟಿದ ಕೈಯನ್ನು ಕೊಟ್ಟ, ಅಷ್ಟೇ. ಒಣಗಿದ ಕೊಂಬೆಯ ಸದ್ದು ಬಂತು. ಇನ್ನೊಂದು ಏಟಿಗೆ ಬೆರಳುಗಳು ಹೋದವು. ಮೂರನೆಯದಕ್ಕೆ ಕಾವಲುಗಾರ ನನ್ನ ಸೊಂಟ ಹಿಡಿದು ಎತ್ತಿಕೊಂಡ. ನನಗೆ ಪಶ್ಚಾತ್ತಾಪವಿಲ್ಲ, ಯಾರೂ ಕೇಳಿಯೂ ಇಲ್ಲ. ಅವನ ಕೈಯ ಕೆಲಸ ಆಗಿಹೋಗಿದೆ, ನಿನಗೆ ಅದರಲ್ಲಿ ಪಾಲು ಉಳಿದಿಲ್ಲ ಎಂದು ತಿಳಿಯಲಿ ಅಂತ ಬರೆದೆ.

ಹುಡುಗಿಯ ಹೇಳಿಕೆ ಆಗುವವರೆಗೆ ಊರು ಬಿಡಬೇಡ ಎಂದು ಪೊಲೀಸರು ಅವನನ್ನು ಕಳಿಸಿದರು. ಪುಟ್ಟಿ ಮನೆಗೆ ಬಂದ ಸಂಜೆಯೇ ಬೇಕರಿಯವನು ಜನ ಕಟ್ಟಿಕೊಂಡು ಗುಡ್ಡ ಹತ್ತಿದ. ಅವನ ಗುಡಿಸಲು ಉಳೀಬಾರದು ಎಂದು ನೀನು ಫೋನಿನಲ್ಲಿ ಹೇಳಿದೆಯಂತೆ. ನಿನ್ನ ಮಾತು ಎಷ್ಟು ದೂರ ಮುಟ್ಟಿತು ನೋಡು. ಪೆಟ್ಟಿಗೆಗಳಿಗೆಲ್ಲ ಸೀಮೆಎಣ್ಣೆ ಸುರಿದರು. ಮೇಣ ಕರಗಿ, ಜೇನು ಉರಿಯುತ್ತಾ ಇಳಿಜಾರಿನಲ್ಲಿ ಹರಿಯಿತು. ಹುಳಗಳು ಉರಿದು ಕಿಡಿಯ ಹಾಗೆ ಉದುರಿದವು, ಉರಿಯದವು ಬೇಕರಿಯವನ ಮುಖವನ್ನು ಅವನದೇ ಬನ್ನಿನ ಹಾಗೆ ಉಬ್ಬಿಸಿದವು. ಆಮೇಲೆ ಗುಡಿಸಲಿಗೆ ಬೆಂಕಿ ಇಟ್ಟರು, ಅವನು ಒಳಗಿದ್ದಾಗಲೇ. ತಲೆಗೂದಲು ಹೊತ್ತಿಕೊಂಡು ತೆವಳಿ ಬಂದವನನ್ನು ಬೂಟುಕಾಲಿನಲ್ಲಿ ಒದ್ದರು, ಪಕ್ಕೆ ಮುರಿಯುವವರೆಗೆ. ಸತ್ತ ಅಂದುಕೊಂಡು ಬಿಟ್ಟು ಬಂದರು. ಮರುದಿನ ನೋಡಿದರೆ ಹೆಣವಿಲ್ಲ. ಈಗ ಬೇಕರಿಯವನು ಇಲ್ಲದ ಪಂಕ್ಚರ್ ಹಾಕಿಸುವ ನೆಪದಲ್ಲಿ ಅಂಗಡಿಗೆ ಬಂದು ನನ್ನ ಮುಖವನ್ನೇ ನೋಡುತ್ತಾನೆ. ನೀರಿನಲ್ಲಿ ಟ್ಯೂಬ್ ಅದ್ದಿ, ಗುಳ್ಳೆ ಬರದಿದ್ದರೂ ಕಾಸು ತೆಗೆದುಕೊಂಡು ಕಳಿಸುತ್ತೇನೆ.

ಹೊಟ್ಟೆ ತುಂಬ ಉಣ್ಣು. ಸುರಂಗದಲ್ಲಿ ತಲೆ ತಗ್ಗಿಸಿ ನಡೆ, ಮೇಸ್ತ್ರಿಯ ಹತ್ತಿರ ಬಾಯಿ ಬಿಗಿ ಹಿಡಿ. ನನ್ನ ಆಯಸ್ಸಿನಲ್ಲಿ ಉಳಿದದ್ದೆಲ್ಲ ನಿನಗೂ ನಿನ್ನ ಮಗಳಿಗೂ ಇರಲಿ. ನನಗೆ ಅದರಿಂದ ಆಗಬೇಕಾದ್ದೇನೂ ಇಲ್ಲ.

ನಿನ್ನ ಅಮ್ಮ

ಮರೆತಿದ್ದೆ: ಜೇನಿನವನು ಎಲ್ಲಿ ಎಂದು ಕೇಳಿದ್ದೆಯಲ್ಲ, ನಮ್ಮ ಹಿಂದಿನ ಕೋಣೆಯಲ್ಲಿ, ನಿನ್ನ ಮಂಚದ ಮೇಲೆ ಇದ್ದಾನೆ. ಅವತ್ತು ಗುಡ್ಡದ ಮೇಲೆ ಬೆಂಕಿ ಕಂಡ ಕೂಡಲೇ ಪುಟ್ಟಿ ಬೆಲ್ ಹೊಡೆಯತೊಡಗಿದಳು, ನಾನು ತಳ್ಳುಗಾಡಿ ತೆಗೆದುಕೊಂಡು ಹೊರಡುವವರೆಗೆ ನಿಲ್ಲಿಸಲಿಲ್ಲ. ಹೊಲಿಗೆ ಬಿಚ್ಚಿ ಮತ್ತೆ ರಕ್ತ ಬಂತು, ಆದರೂ ನಿಲ್ಲಿಸಲಿಲ್ಲ. ಅವನನ್ನು ಹಳೆಯ ಟೈರುಗಳ ಕೆಳಗೆ ಮುಚ್ಚಿ ತಂದೆ. ನಿನ್ನ ಹೆಂಡತಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅವನ ತಟ್ಟೆಯನ್ನು ಮಾತ್ರ ಬಾಗಿಲಲ್ಲಿ ಕುಕ್ಕಿ ಹೋಗುತ್ತಾಳೆ. ನಾನು ಕ್ಷಮಿಸಿದ್ದೇನೆ ಅಂದುಕೊಳ್ಳಬೇಡ. ಹಾಲು ಕುಡಿಸುವಾಗ ಲೋಟ ಅವನ ಹಲ್ಲಿಗೆ ಬಡಿಯುವ ಹಾಗೇ ಹಿಡಿಯುತ್ತೇನೆ. ನೀನು ಬರುವುದಾದರೆ ಬಾ, ಮಚ್ಚು ಅಲ್ಲೇ ಬಿಟ್ಟು ಬಾ. ಆ ಕೋಣೆಗೆ ಹೋಗಬೇಕಾದರೆ ನನ್ನನ್ನು ದಾಟಬೇಕು, ಪಂಪು ಬಾಗಿಲ ಹಿಂದೆಯೇ ಇದೆ. ಈ ಕಾಗದವನ್ನು ಪುಟ್ಟಿಗೆ ಓದಿ ಹೇಳಿದೆ. ಕಳಿಸಲಾ ಎಂದೆ, ಒಂದು ಸಲ ಹೊಡೆದಳು. ನಿಮ್ಮಪ್ಪ ನನ್ನ ಮಾತು ಕೇಳ್ತಾನೇನೇ ಎಂದೆ. ಬೆಲ್ಲನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದಾಳೆ.